ಉರ್ದು ಬಿಟ್ಟ ಮನಿ

ತಬಸುಮ ಎರಡನೇ ಇಯತ್ತೆಗೆ ಬಂದರೂ ಮಾತಾಡುವಾಗ ಎರಡು ಪದ ಜೋಡಿಸಿದರೆ ಮೂರನೆಯದು ತಪ್ಪಿಹೋಗುತ್ತಿತ್ತು. ಇಳಕಲ್ಲಿನ ಸಾಲಿಯ ಟೀಚರ್ ಪದ್ಮಶ್ರೀ ಅವಳ ತಾಯಿ ಆರಿಫಾಳನ್ನು ಕರೆಸಿದರು. "ಮನ್ಯಾಗ ಉರ್ದು, ಇಲ್ಲಿ ಕನ್ನಡ. ಎರಡೂ ಕಲಸಿ ಹುಡುಗಿ ತಲಿ ಕೆಟ್ಟೈತ್ರಿ. ಉರ್ದು ಪೂರಾ ಬಂದ್ ಮಾಡ್ರಿ, ತಾನ ಸರಿ ಹೋಗ್ತಾಳ."

ಆರಿಫಾ ಅದನ್ನು ಔಷಧದಂತೆ ಮನೆಗೆ ತಂದಳು. ಅವಳ ಕನ್ನಡವೋ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟು. ಉಣ್ಣು, ಓದು, ಮಲಕ್ಕೋ ಎಂದ ಮೇಲೆ ಮಗಳಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಮುದ್ದು, ಕಥೆ, ಬೈಗುಳ ಎಲ್ಲವೂ ಉರ್ದುವಿನೊಂದಿಗೇ ಹೋದವು.

ಒಂದು ಮುಂಜಾನೆ ಅತ್ತೆ ಮೌಲಾಬಿ ಮೊಮ್ಮಗಳ ತಲೆ ಬಾಚುತ್ತ, "ಆಜಾ ಮೇರಿ ಚಿಡಿಯಾ," ಎಂದು ಗುಬ್ಬಿಮರಿಯನ್ನು ಕರೆದಂತೆ ಉರ್ದುವಿನಲ್ಲಿ ಕರೆದುಬಿಟ್ಟಳು. ತಬಸುಮ ಕಿಲಕಿಲ ನಕ್ಕಳು. ಆರಿಫಾ ಹಣಿಗೆ ಕಸಿದುಕೊಂಡಳು.

"ಎಷ್ಟ್ ಸಲ ಹೇಳೂದು ಅಮ್ಮಿ? ನಿಮ್ಮಿಂದನ ಇಕಿ ಮೂಗಿ ಆಗಾಕತ್ತಾಳ!" ಅದನ್ನೂ ತನ್ನ ಸಂತೆಯ ಕನ್ನಡದಲ್ಲೇ ಅಂದಳು.

ಮೌಲಾಬಿ ಆ ವಾರವೇ ಬಾದಾಮಿಯ ಕಿರಿಮಗನ ಮನೆ ಸೇರಿದಳು.

ಎರಡು ವರ್ಷ ಕಳೆದರೂ ತಬಸುಮಳಿಗೆ ಕನ್ನಡ ಬರಲಿಲ್ಲ. ಬಾಗಲಕೋಟೆಯ ನವನಗರದಲ್ಲಿ ಮಾತಿನ ಚಿಕಿತ್ಸೆ ಕೊಡುವ ಸುಧಾರಾಣಿಯವರ ಹತ್ತಿರ ಆರಿಫಾ ಮಗಳನ್ನು ಕರೆದೊಯ್ದಳು. ಅವರು ಚಿತ್ರ ತೋರಿಸಿ ಕನ್ನಡದಲ್ಲಿ ಕೇಳಿದರು. ಆಮೇಲೆ, "ಈಗ ನೀವು ಉರ್ದುದಾಗ ಕೇಳ್ರಿ," ಅಂದರು. ಆರಿಫಾ ಬಾಯಿ ತೆರೆದದ್ದೇ ತಡ, ಹುಡುಗಿ ಬೆದರಿ ಅಮ್ಮನ ಬಾಯಿಗೆ ಅಂಗೈ ಒತ್ತಿದಳು.

ಸುಧಾರಾಣಿ ಚಿತ್ರಗಳನ್ನು ಪಕ್ಕಕ್ಕಿಟ್ಟರು. "ಇದು ಹುಟ್ಟಿನಿಂದ ಬಂದ ತೊಡಕ್ರಿ. ಒಂದ ಭಾಷಾ ಇದ್ರೂ ಈ ತೊಡಕು ಬರ್ತಿತ್ತು. ಉರ್ದು ಬಿಡಿಸಬಾರದಿತ್ತು. ಇಕಿ ಕಿವಿಗೆ ಬ್ಯಾರೆ ಮಕ್ಕಳಿಗಿಂತ ಹೆಚ್ಚು ಮಾತು ಬೀಳಬೇಕಿತ್ತು."

ಆರಿಫಾ ನೆಟ್ಟಗೆ ಸಾಲಿಗೆ ಹೋಗಿ ಟೀಚರಿಗೆ ಅದನ್ನೇ ಹೇಳಿದಳು. "ನಾ ಒಳ್ಳೇದಕ್ಕ ಹೇಳಿದ್ದೆ," ಅಂದರು ಪದ್ಮಶ್ರೀ. "ತಾಯಿ ನೀವು. ನಿಮಗರ ತಿಳೀಬೇಕಿತ್ತಲ್ರೀ?"

ರವಿವಾರ ಮಗಳನ್ನು ಕರೆದುಕೊಂಡು ಬಾದಾಮಿಗೆ ಹೋದಳು. ಮೌಲಾಬಿ ಮೊಮ್ಮಗಳ ಗದ್ದ ಹಿಡಿದು, "ಆರಾಮ ಅದೀಯೇನವ್ವಾ?" ಎಂದು ಕನ್ನಡದಲ್ಲಿ ಕೇಳಿದಳು.

"ಉರ್ದುದಾಗ ಮಾತಾಡ್ರಿ ಅಮ್ಮಿ. ಮನಿಗಿ ಬರ್ರಿ."

"ಈಗ ಪರವಾನಗಿ ಕೊಡಾಕ ಬಂದೀ ಏನು?" ಮೌಲಾಬಿ ಚಹಾ ಕೊಟ್ಟಳು, ಬಾಗಿಲವರೆಗೆ ಬಂದಳು. ಜೊತೆಗೆ ಹೊರಡಲಿಲ್ಲ.

ಮರಳುವ ಬಸ್ಸಿನಲ್ಲಿ ಆರಿಫಾ ಕಿಟಕಿಯಾಚೆಯ ಕುರಿ, ಕಲ್ಲು, ಗುಡ್ಡ ತೋರಿಸುತ್ತ ಉರ್ದುವಿನಲ್ಲಿ ಒಂದೇ ಸಮನೆ ಮಾತಾಡಿದಳು. ತಬಸುಮ ಅವಳ ತುಟಿಗಳನ್ನೇ ನೋಡುತ್ತ ಕೂತಳು. ಹುನಗುಂದದಲ್ಲಿ ಹತ್ತಿದ ಹೆಂಗಸೊಬ್ಬಳು ಬಗ್ಗಿ, "ಕನ್ನಡ ಕಲಸ್ರಿ ಯವ್ವಾ, ಸಾಲಿಗಿ ಹೋಗೂ ಕೂಸು," ಅಂದಳು.

ಆರಿಫಾ ಮುಖ ಕಿಟಕಿಗೆ ತಿರುಗಿಸಿ, ಮಗಳಿಗೆ ಮುಂದಿನ ಗುಡ್ಡ ತೋರಿಸುತ್ತ ಉರ್ದು ಮುಂದುವರಿಸಿದಳು.