ಎಂಟು ಹೆಸರಿನ ಬಾಗಿಲು

ಕಲಾಭವನದವರು ಬಾಗಿಲಿನ ಮೇಲಿದ್ದ ಎಂಟು ಹೆಸರುಗಳನ್ನು ಅಳಿಸಿ, ಬೂದು ಬಣ್ಣ ಬಳಿಸಿದರು.

ಬಾಗಿಲು ಕಬ್ಬಿಣದ್ದು. ಹಿಂದೊಮ್ಮೆ ಅದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಎರಡನೇ ಮಹಡಿಯಲ್ಲಿತ್ತು. ಅದರ ಮೇಲ್ತುದಿಯಲ್ಲಿ ಕೆಂಪಕ್ಷರದಲ್ಲಿ ‘ತುರ್ತು ನಿರ್ಗಮನ’ ಎಂದು ಬರೆದವಳು ಬೋರ್ಡಕ್ಕ. ಆಗ ಅವಳಿಗೆ ಇಪ್ಪತ್ನಾಲ್ಕು. ಊರಿನ ಅಂಗಡಿ, ಶಾಲೆ, ಲಾರಿ ಯಾವುದಕ್ಕೆ ಅಕ್ಷರ ಬೇಕಿದ್ದರೂ ಅವಳನ್ನೇ ಕರೆಯುತ್ತಿದ್ದರು. ಏಣಿ ಹತ್ತಿ ಬರೆಯುವಾಗ ಮೊಣಕಾಲಿನ ಹತ್ತಿರ ಅಂಗೈಯಗಲದ ಬೀಗ ತೂಗುತ್ತಿತ್ತು. ಇದೇನು ಎಂದು ಕೇಳಿದ್ದಕ್ಕೆ ಮೇಸ್ತ್ರಿ ನಕ್ಕು, ಬೀಗ ನಮ್ದು, ಅಕ್ಷರ ನಿಂದು, ನಿನ್ನ ಕೆಲಸ ನೀನು ನೋಡ್ಕೋ ಅಂದಿದ್ದ. ಅವಳು ನೋಡಿಕೊಂಡಳು. ಅಕ್ಷರಕ್ಕೆ ಹಳದಿ ನೆರಳನ್ನೂ ಕೊಟ್ಟಳು, ಚೆನ್ನಾಗಿ ಕಾಣಲಿ ಅಂತ.

ಹನ್ನೊಂದು ತಿಂಗಳಿಗೆ ಬೆಂಕಿ ಬಿತ್ತು. ಎಂಟು ಹೆಂಗಸರು ಆ ಅಕ್ಷರ ಓದಿಕೊಂಡು ಆ ಬಾಗಿಲಿಗೇ ಓಡಿ ಬಂದರು. ಅವರಲ್ಲೊಬ್ಬಳು ಬೋರ್ಡಕ್ಕನ ತಂಗಿ. ಹತ್ತೊಂಬತ್ತು ವರ್ಷ. ಅವಳಿಗೆ ಓದು ಕಲಿಸಿದ್ದೂ ಅಕ್ಕನೇ. ವೈರಿಂಗ್ ಹಳೆಯದಾಗಿತ್ತು, ಯಾರದೂ ತಪ್ಪಿಲ್ಲ ಎಂದು ಕೋರ್ಟು ಹೇಳಿತು. ಬೀಗದ ಮಾತು ಎರಡು ಸಾವಿರ ಪುಟದ ಕಡತದಲ್ಲಿ ಎಲ್ಲೂ ಬರಲಿಲ್ಲ.

ಆಮೇಲೆ ಬೋರ್ಡಕ್ಕ ಯಾರೋ ಹೇಳಿದ್ದನ್ನು ಬರೆಯುವುದು ಬಿಟ್ಟಳು. ತನ್ನದನ್ನು ಬರೆಯತೊಡಗಿದಳು, ಅದೇ ಬೋರ್ಡಿನ ಅಕ್ಷರದಲ್ಲಿ, ಅದೇ ತಗಡಿನ ಮೇಲೆ. ಬಸ್ ನಿಲ್ದಾಣದ ‘ಇಲ್ಲಿ ಉಗುಳಬಾರದು’ ಪಕ್ಕದಲ್ಲಿ ‘ಅವಮಾನವನ್ನು ನುಂಗಬಹುದು’ ಎಂಬ ತಗಡು ತೂಗಿತು. ಆಸ್ಪತ್ರೆಯ ಗೇಟಿನಲ್ಲಿ ‘ಬಡವರು ಕಾಯಿಲೆ ಬೀಳುವ ಮೊದಲು ಇಲ್ಲಿ ವಿಚಾರಿಸಿ’. ಪೊಲೀಸರು ತಗಡನ್ನೂ ಅವಳನ್ನೂ ಒಂದೇ ಜೀಪಿನಲ್ಲಿ ಹಾಕಿಕೊಂಡು ಹೋದರು. ಭಾನುವಾರದ ಓದುಬಳಗದಲ್ಲಿ ಒಂದೇ ಫ್ಯಾನಿನ ಕೆಳಗೆ ಮೂವತ್ತು ಜನ ಕೂತು ಅವಳ ಪದ್ಯಗಳನ್ನು ಬಾಯಿಪಾಠ ಮಾಡಿದರು. ಬೋರ್ಡು ಬರೆಯುವವಳನ್ನು ಕವಿ ಎಂದು ಒಪ್ಪಲು ವಿದ್ವಾಂಸರಿಗೆ ಹದಿನೆಂಟು ವರ್ಷ ಹಿಡಿಯಿತು. ಕವಿಯನ್ನು ಕಲಾವಿದೆ ಎನ್ನಲು ಕಲಾಭವನಗಳಿಗೆ ಆರೇ ತಿಂಗಳು. ಅವರ ಗೋಡೆಗಳು ಖಾಲಿ ಇದ್ದವು.

ಕಾರ್ಖಾನೆ ಕೆಡವಿದಾಗ ಆ ಬಾಗಿಲು ಗುಜರಿಗೆ ಬಂತು. ಅವಳು ಅದನ್ನು ಕೈಗಾಡಿಯಲ್ಲಿ ಮನೆಗೆ ತಂದಳು. ಸುಟ್ಟುಳಿದ ಕೆಂಪಕ್ಷರದ ಕೆಳಗೆ ಬರೆದಳು:

ಇದನ್ನು ಬರೆದವಳು ನಾನು.
ಒಳಗಿದ್ದವರು ಓದು ಬಲ್ಲವರು.
ನನ್ನ ಅಕ್ಷರ ನಂಬಿ ಓಡಿ ಬಂದವರು:

ಅದರ ಕೆಳಗೆ ಎಂಟು ಹೆಸರು, ಒಂದರ ಕೆಳಗೊಂದು, ಎನಾಮಲ್ ಪೇಂಟಿನಲ್ಲಿ. ನಾಲ್ಕನೆಯದು ತಂಗಿಯದು. ಅವಳ ಅಮ್ಮನಿಗೆ ಓದು ಬಾರದು. ಈಗ ಕಣ್ಣೂ ಮಬ್ಬು. ದಪ್ಪ ಪೇಂಟಿನ ಅಕ್ಷರ ಬೆರಳಿಗೆ ಸಿಗುತ್ತಿತ್ತು. ಮೊದಲ ಮೂರು ಸಾಲು ದಾಟಿ, ಹೆಸರು ಎಣಿಸಿಕೊಂಡು ನಾಲ್ಕನೆಯದಕ್ಕೆ ಬಂದು ನಿಲ್ಲುವಳು.

ಮನೆಯಲ್ಲಿಟ್ಟರೆ ಎಂಟು ಜನ ನೋಡ್ತಾರೆ ಮೇಡಂ, ನಮ್ಮಲ್ಲಿ ನೂರು ವರ್ಷ ಇರುತ್ತೆ ಎಂದು ಕಲಾಭವನದ ನಿರ್ದೇಶಕ ಹೇಳಿದ. ನೂರು ವರ್ಷ ಎನ್ನುವ ಮಾತಿಗೆ ಅವಳು ಬಿದ್ದಳು. ಹದಿನಾಲ್ಕು ಪುಟದ ಕರಾರಿಗೆ ರುಜು ಹಾಕಿದಳು. ಈ ವರ್ಷ ಕಲಾಭವನಕ್ಕೆ ಹೊಸ ಕಟ್ಟಡ ಎದ್ದಿತು. ಕಟ್ಟಿಸಿಕೊಟ್ಟವರು ಆ ಕಾರ್ಖಾನೆಯವರ ಮೊಮ್ಮಕ್ಕಳು.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಒಂದು ಸಣ್ಣ ಕೆಲಸವಿದೆ, ಬಂದು ಹೋಗಿ ಎಂದು ಫೋನು ಬಂತು. ತಾನೂ ಬರುತ್ತೇನೆ ಎಂದು ಅಮ್ಮ ಹಟ ಹಿಡಿದಳು. ಹೊಸ ಕಟ್ಟಡದಲ್ಲಿ ಹಸಿ ಸುಣ್ಣದ ವಾಸನೆ. ಬಾಗಿಲಿಗೆ ಒಂದು ಇಡೀ ಗೋಡೆ, ಮೂರು ದೀಪ. ಬೋರ್ಡಕ್ಕ ಹೊಸ್ತಿಲಲ್ಲೇ ಬೂದು ಬಣ್ಣ ಕಂಡು ನಿಂತುಬಿಟ್ಟಳು. ಅಮ್ಮನಿಗೆ ಕಾಣಲಿಲ್ಲ. ನೇರ ಹೋಗಿ ಬಾಗಿಲಿಗೆ ಕೈಯಿಟ್ಟು ಮೇಲಿನಿಂದ ಸವರಿಕೊಂಡು ಬಂದಳು. ಮೂರು ಸಾಲು ಸಿಕ್ಕವು. ಅದರ ಕೆಳಗೆ ನುಣುಪು. ಮತ್ತೆ ಮೇಲಿನಿಂದ ಶುರು ಮಾಡಿದಳು.

“ಇವಳೆಲ್ಲಿ ಹೋದ್ಲು ಕಣೆ?” ಅಂದಳು.

ನಿರ್ದೇಶಕ ಮುಂದೆ ಬಂದು ಅಜ್ಜಿಗೆ ಕುರ್ಚಿ ತರಿಸಿದ. ಒಳ್ಳೆಯ ಮಾತಿನ ಮನುಷ್ಯ. ಕೇಸು ಮುಗಿದು ಮೂವತ್ತು ವರ್ಷವಾಗಿದೆ, ಹೆಸರಿದ್ದರೆ ಆರೋಪದ ಹಾಗೆ ಕಾಣುತ್ತದೆ ಎಂದು ದಾನಿಗಳ ವಕೀಲರು ಹೇಳಿದ್ದಾರೆ, ಪ್ರದರ್ಶನದ ಸ್ವರೂಪ ಕಲಾಭವನಕ್ಕೆ ಬಿಟ್ಟದ್ದು ಎಂದು ಕರಾರಿನಲ್ಲೇ ಇದೆ ಎಂದೆಲ್ಲ ವಿವರಿಸಿದ. ನಿಜ ಹೇಳಬೇಕೆಂದರೆ ಖಾಲಿ ಜಾಗ ಹೆಸರಿಗಿಂತ ಹೆಚ್ಚು ಮಾತಾಡುತ್ತದೆ ಎಂದೂ ಸೇರಿಸಿದ. ಹೆಸರುಗಳು ಬಣ್ಣದ ಕೆಳಗೆ ಹಾಗೇ ಇವೆ, ಮುಂದೆ ಯಾವತ್ತಾದರೂ ತೆಗೆಯಬಹುದು ಎಂದ.

ಗೋಡೆಯ ಬದಿಯಲ್ಲಿ ಡಬ್ಬಿ, ಕುಂಚ ಜೋಡಿಸಿಕೊಂಡು ಒಬ್ಬ ಕೂತಿದ್ದ. ಬೋರ್ಡಕ್ಕ ಅವನನ್ನು ಆಗ ನೋಡಿದಳು. ಅವಳ ಹತ್ತಿರವೇ ಕೆಲಸ ಕಲಿತವನು, ಈಗ ನಲವತ್ತೈದು ದಾಟಿದೆ. ಸ್ಕೇಲಿಲ್ಲದೆ ಒಂದು ಗೆರೆ ಎಳೆಯಲಾರ ಎಂದು ಅವನಿಗೆ ಸ್ಕೇಲು ಎಂದೇ ಹೆಸರು. ಮದುವೆಯಲ್ಲಿ ತಾಳಿಯನ್ನೂ ಅಳತೆ ನೋಡಿ ಕಟ್ಟಿದ ಎಂದು ಬಳಗದವರು ನಗುತ್ತಿದ್ದರು.

ಅವಳು ಅವನನ್ನು ಕೇಳಿದ್ದು ಒಂದೇ.

“ಉಜ್ಜಿದೆಯಾ?”

ಅವನು ತಲೆ ತಗ್ಗಿಸಿದ. “ಉಜ್ಜಿದೆ ಅಕ್ಕ. ನೀವೇ ಕಲ್ಸಿದ್ದಲ್ವಾ. ಹಳೇ ಅಕ್ಷರದ ಮೇಲೆ ಹಾಗೇ ಬಳಿದ್ರೆ ಎರಡು ವರ್ಷಕ್ಕೆ ಮತ್ತೆ ಎದ್ದು ಕಾಣುತ್ತೆ, ಮೊದಲು ತಗಡು ಕಾಣೋ ತನಕ ಸ್ಯಾಂಡ್ ಪೇಪರ್ ಹೊಡಿ ಅಂತ.” “ನೀವು ಒಪ್ಪಿದೀರಿ ಅಂದ್ರು” ಅಂತಲೂ ಸೇರಿಸಿದ.

ಹಾಗಾದರೆ ಬಣ್ಣದ ಕೆಳಗೆ ಏನೂ ಇರಲಿಲ್ಲ. ಸೋಮಾರಿ ಯಾರಾದರೂ ಬಳಿದಿದ್ದರೆ ಹೆಸರುಗಳು ಉಳಿಯುತ್ತಿದ್ದವು. ಅವಳು ಕಲಿಸಿದವನು ಬಳಿದಿದ್ದ.

ಹೊರಗೆ ಬಂದು ಓದುಬಳಗದ ವಕೀಲರಿಗೆ ಫೋನು ಮಾಡಿದಳು. ಅವರು ಕರಾರನ್ನು ಮೊದಲೇ ಓದಿದ್ದವರು, ಬೇಡ ಅಂದಿದ್ದವರು. ಈಗ ಆ ಮಾತೆತ್ತಲಿಲ್ಲ. ವಸ್ತು ಅವರದು, ತಡೆಯಾಜ್ಞೆ ಸಿಗಲಿಕ್ಕಿಲ್ಲ. ಇದು ನನ್ನ ಕೃತಿಯಲ್ಲ ಎಂದು ನೀನು ಹೇಳಬಹುದು, ಹೇಳಿದರೆ ಬಾಗಿಲು ಉಗ್ರಾಣಕ್ಕೆ ಹೋಗುತ್ತದೆ, ಆ ಮೂರು ಸಾಲೂ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದರು. ಅವಳು ಫೋನಿಟ್ಟು ವಾಪಸು ಬಂದಳು.

ಒಳಗೆ ಅಮ್ಮ ಕುರ್ಚಿ ಬಿಟ್ಟು ಎದ್ದು, ಮತ್ತೆ ಬಾಗಿಲಿನ ಮುಂದೆಯೇ ನಿಂತಿದ್ದಳು. ಸಣ್ಣ ಕೆಲಸ ಯಾವುದೆಂದು ನಿರ್ದೇಶಕ ಆಗ ಹೇಳಿದ. ಬೋರ್ಡು ಬರೆಯುವವರು ಕೆಳಗಿನ ಮೂಲೆಯಲ್ಲಿ ತಮ್ಮ ಗುರುತು ಹಾಕುತ್ತಾರೆ. ಅವಳದು ಎಂಟನೇ ಹೆಸರಿನ ಕೆಳಗಿತ್ತು. ಸ್ಕೇಲು ಅಚ್ಚುಕಟ್ಟಿನ ಮನುಷ್ಯ, ಅದನ್ನೂ ಉಜ್ಜಿದ್ದ. ಗುರುತಿಲ್ಲದ ಬಾಗಿಲು ಕೃತಿಯಾಗುವುದಿಲ್ಲ, ಬರೀ ಕಬ್ಬಿಣ. ನಾಳೆ ಹತ್ತಕ್ಕೆ ದಾನಿಗಳು ಬರುತ್ತಾರೆ, ಒಂದು ಸಲ ರುಜು ಹಾಕಿಬಿಡಿ ಎಂದ.

“ಹಾಕಲ್ಲ” ಅಂದಳು ಬೋರ್ಡಕ್ಕ.

ಅವನು ಸಿಟ್ಟಾಗಲಿಲ್ಲ. ಅವಳ ಬಲಗೈ ನಡುಗುವುದನ್ನು ನೋಡಿದ. ಎರಡು ವರ್ಷದಿಂದ ಆ ಕೈ ಲೋಟವನ್ನೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಪರವಾಗಿಲ್ಲ ಮೇಡಂ, ವಯಸ್ಸು ಅಂದ. ಆಮೇಲೆ ಸ್ಕೇಲಿನ ಕಡೆ ತಿರುಗಿ, ನಿಮಗೆ ಇವರ ಅಕ್ಷರ ಇವರಿಗಿಂತ ಚೆನ್ನಾಗಿ ಬರುತ್ತಲ್ಲ, ಹಳೆಯ ಫೋಟೋ ಇದೆ, ನೋಡಿ ಹಾಕಿಬಿಡಿ ಅಂದ.

ಅದು ನಿಜವಾಗಿತ್ತು. ಅವಳ ಕೈ ಕೆಟ್ಟ ಮೇಲೆ ಹಲವು ತಗಡುಗಳನ್ನು ಅವಳು ಹೇಳಿದಂತೆ ಬರೆದುಕೊಟ್ಟವನು ಅವನೇ. ಯಾರಿಗೂ ವ್ಯತ್ಯಾಸ ತಿಳಿದಿರಲಿಲ್ಲ. ಅವಳ ‘ಹಾಕಲ್ಲ’ಕ್ಕೆ ಆ ಕೋಣೆಯಲ್ಲಿ ಬೆಲೆಯೇ ಉಳಿದಿರಲಿಲ್ಲ. ಸ್ಕೇಲಿಗೂ ಹೊಟ್ಟೆಯಿದೆ. ಈ ಕಟ್ಟಡದ ಅಷ್ಟೂ ಬೋರ್ಡು ಅವನ ಕೈಯಲ್ಲೇ ಆಗಬೇಕಿತ್ತು. ಅವಳು ಹೋಗಿ ಅಮ್ಮನ ಭುಜ ಹಿಡಿದು, ಬಾಮ್ಮಾ, ಹೋಗೋಣ ಅಂದಳು. ಅಮ್ಮ ಕದಲಲಿಲ್ಲ.

ಸ್ಕೇಲು ಡಬ್ಬಿಯ ಮುಚ್ಚಳ ತೆಗೆದ. ಕಡ್ಡಿಯಿಂದ ಪೇಂಟು ಕಲಕಿದ. ಸಣ್ಣ ಕುಂಚ ಆರಿಸಿ ಅಂಗೈ ಮೇಲೆ ಅದರ ತುದಿ ಸರಿ ಮಾಡಿಕೊಂಡ. ಬಾಗಿಲಿನ ಹತ್ತಿರ ಬಂದು ಮೊಣಕಾಲೂರಿ ಕೂತ. ಅವನ ತಲೆಯ ಮೇಲೆಯೇ ಮುದುಕಿಯ ಕೈ ಸವರುತ್ತಿತ್ತು, ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ.

ಕುಂಚವನ್ನು ಪೇಂಟಿಗೆ ಅದ್ದಲಿಲ್ಲ. ನಿರ್ದೇಶಕ ಗಡಿಯಾರ ನೋಡಿದ.

“ಯಾಕೆ, ಆಗಲ್ವಾ?”

“ಆಗುತ್ತೆ ಸಾರ್” ಅಂದ ಸ್ಕೇಲು. “ಮಾಡಲ್ಲ.”