ಹಗುರಾದ ಟ್ರಿಗರ್

ನಡೀನ್ ಪ್ರೂಯಿಟ್‌ಗೆ ಬೇಕಾಗಿದ್ದದ್ದು ಒಂದೇ ರಿವಾಲ್ವರ್, ಆದರೆ ಎರಡು ಕೆಲಸಕ್ಕೆ. ಶನಿವಾರ ಕ್ಲಬ್ಬಿನ ಸ್ಪರ್ಧೆಯಲ್ಲಿ ಗುರಿ ಹೊಡೆಯುವುದಕ್ಕೆ, ಮಿಕ್ಕ ಆರು ದಿನ ಸೊಂಟದಲ್ಲಿಟ್ಟುಕೊಳ್ಳುವುದಕ್ಕೆ. ಎರಡನೆಯ ಕೆಲಸದ ಹೆಸರು ರಾಯ್ಸ್. ಹದಿನಾಲ್ಕು ವರ್ಷ ಅವಳ ಗಂಡನಾಗಿದ್ದವನು. ಅಡುಗೆಮನೆಯ ಸ್ಟೂಲಿನಿಂದ ಅವಳ ದವಡೆ ಮುರಿದು ಜೈಲಿಗೆ ಹೋದ. ಹೋಗುವಾಗ ಕೋರ್ಟಿನ ಬಾಗಿಲಲ್ಲಿ ತಿರುಗಿ, ಬರ್ತೀನಿ ಅಂದಿದ್ದ. ಹಾಲು ತರಲು ಅಂಗಡಿಗೆ ಹೊರಟವನ ಹಾಗೆ, ಅಷ್ಟು ಸಲೀಸಾಗಿ. ಅದಾಗಿ ನಾಲ್ಕು ವರ್ಷ. ಈಗ ಸರ್ಕಾರದ ಕಾಗದ ಬಂದಿತ್ತು. ಇಪ್ಪತ್ತನೇ ತಾರೀಖು ಶುಕ್ರವಾರ ಬಿಡುಗಡೆ.

ಊರು ಬಿಟ್ಟು ಹೋಗಬಾರದಾ ಎಂದು ಕೇಳುವವರಿಗೇನು, ಬಾಯಿಗೆ ಬಾಡಿಗೆ ಇಲ್ಲ. ಮನೆ ಅರ್ಧ ರಾಯ್ಸ್ ಹೆಸರಿನಲ್ಲಿತ್ತು. ಅವನ ಸಹಿ ಇಲ್ಲದೆ ಮಾರುವಂತಿರಲಿಲ್ಲ. ಆ ಮನೆಗೆ ಇದ್ದದ್ದು ಒಂದೇ ಜಲ್ಲಿ ರಸ್ತೆ, ಅದೂ ಅವಳ ಅಂಗಳಕ್ಕೆ ಬಂದು ನಿಂತುಬಿಡುತ್ತಿತ್ತು. ಇನ್ನೂರು ಗಜದೊಳಗೆ ಅವನು ಬರಕೂಡದೆಂದು ಕೋರ್ಟು ಕೊಟ್ಟ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಹಾಳೆ ಯಾರನ್ನು ತಡೆದೀತು? ಬಂದೂಕು ಇದೆಯೆಂದು ಗೊತ್ತಾದರೆ ರಾಯ್ಸ್ ಬರಲಾರ. ಅವಳ ಲೆಕ್ಕಾಚಾರ ಅಷ್ಟೇ. ಅವನನ್ನು ಕೊಲ್ಲುವ ಆಸೆ ಅವಳಿಗಿರಲಿಲ್ಲ. ಅವನು ಹೆದರಿ ದೂರ ಇದ್ದರೆ ಸಾಕಿತ್ತು.

ಆ ಕೌಂಟಿಯಲ್ಲಿ ಬಂದೂಕಿನ ಅಂಗಡಿ ಒಂದೇ, ಆರಿನ್ ಮ್ಯಾಡಾಕ್ಸ್‌ನದು. ಆರಿನ್ ರಾಯ್ಸ್‌ನ ಸ್ವಂತ ಅಣ್ಣ. ಸ್ಪರ್ಧೆಯ ದಿನ ಹೊಡೆಯುವವರ ಬಲಭುಜದ ಹಿಂದೆ ಗಡಿಯಾರ ಹಿಡಿದು ನಿಲ್ಲುವವನೂ ಅವನೇ. ಹೊಡೆದು ಮುಗಿದ ಮೇಲೆ ಬಂದೂಕು ತೆರೆದು ಅವನಿಗೆ ತೋರಿಸಬೇಕು, ಖಾಲಿ ಎಂದು ಅವನು ಹೇಳಿದ ಮೇಲೇ ಸೊಂಟಕ್ಕೆ ಸೇರಿಸಬೇಕು. ದವಡೆ ಕೂಡಿಕೊಂಡ ಮೇಲೆ ಅವಳನ್ನು ಕರೆದು, ಕ್ಲಬ್ಬಿನ ಹಳೆಯ ರಿವಾಲ್ವರ್ ಕೈಗಿತ್ತು ಗುರಿ ಕಲಿಸಿದವನೂ ಆರಿನ್. ತಮ್ಮನ ಪಾಪಕ್ಕೆ ತಾನು ಮಾಡುವ ಪ್ರಾಯಶ್ಚಿತ್ತ ಅದು ಎಂದು ಊರೆಲ್ಲ ಅಂದುಕೊಂಡಿತ್ತು, ನಡೀನ್ ಕೂಡ.

ಅವಳು ಮೊದಲು ಕೈಗೆತ್ತಿಕೊಂಡದ್ದು ಐದು ಗುಂಡಿನ ಪುಟ್ಟದನ್ನು. ಕೋಟಿನ ಜೇಬಿಗೆ ಹಿಡಿಸುತ್ತದೆ, ಹೊತ್ತದ್ದೇ ಗೊತ್ತಾಗುವುದಿಲ್ಲ. ಆದರೆ ಹೊಡೆದರೆ ಅಂಗೈ ಉರಿಯುತ್ತದೆ, ಹತ್ತು ಗಜದಾಚೆ ಗುರಿ ಎಲ್ಲೋ ಗುಂಡು ಎಲ್ಲೋ. ಸ್ಪರ್ಧೆಗೆಂದೇ ಮಾಡಿದ ಉದ್ದ ನಳಿಕೆಯದು ಮೊಳೆ ಹೊಡೆದ ಹಾಗೆ ಹೊಡೆಯುತ್ತಿತ್ತು. ಅದನ್ನು ಸೊಂಟಕ್ಕೆ ಕಟ್ಟಿ ಕಾರಿನಲ್ಲಿ ಕೂರುವುದು ಮಾತ್ರ ಆಗದ ಕೆಲಸ. ಎರಡು ಕೊಂಡರಾಯಿತಲ್ಲ ಎಂದ ಆರಿನ್.

"ಬೇಡ. ಶನಿವಾರ ನನ್ನ ಕೈಗೆ ಗೊತ್ತಿರೋದೇ ಬಾಗಿಲ ಹತ್ರಾನೂ ಗೊತ್ತಿರ್ಬೇಕು. ಹೆದರಿದಾಗ ಕೈ ಹೊಸದನ್ನ ಕಲಿಯಲ್ಲ, ಆರಿನ್."

ಅವನು ಅವಳ ಮುಖ ನೋಡದೆ ಗಾಜಿನ ಪೆಟ್ಟಿಗೆಯ ಕೆಳಗಿನ ತಟ್ಟೆ ಎಳೆದ. ನಾಲ್ಕಂಗುಲದ ನಳಿಕೆ, ಆರು ಗುಂಡು, ಉಕ್ಕಿನದು. ಭಾರವಿತ್ತು, ಆದರೆ ದಪ್ಪ ಕೋಟಿನಡಿ ಮರೆಯಾಗುತ್ತಿತ್ತು. ಹಿಡಿದ ಕೂಡಲೇ ಇದೇ ಅನ್ನಿಸಿತು ಅವಳಿಗೆ. ಟ್ರಿಗರ್ ಮಾತ್ರ ಬಿಗಿ. ಎಳೆದಾಗ ನಳಿಕೆಯ ತುದಿ ನಡುಗುತ್ತಿತ್ತು. ಒಳಗಿನ ಸ್ಪ್ರಿಂಗ್ ತೆಗೆದು ಸ್ವಲ್ಪ ಮೆದುವಾದದ್ದು ಹಾಕಿ, ಉಜ್ಜಿ ನಯ ಮಾಡಿಕೊಡುತ್ತೇನೆ, ಬೆಣ್ಣೆಯ ಹಾಗೆ ಆಗುತ್ತದೆ ಎಂದ ಆರಿನ್. ಕ್ಲಬ್ಬಿನವರೆಲ್ಲ ಹಾಗೇ ಮಾಡಿಸುತ್ತಿದ್ದರು.

"ಎರಡೂ ಕೆಲಸಕ್ಕೆ ಆಗುತ್ತಲ್ವಾ?" ಎಂದಳು.

"ಆಗುತ್ತೆ ಕಣಮ್ಮ," ಎಂದ.

ಸ್ಪರ್ಧೆಯ ಗುಂಡುಗಳನ್ನು ಅವಳು ಭಾನುವಾರ ಮಧ್ಯಾಹ್ನ ಮನೆಯಲ್ಲೇ ತುಂಬಿಸಿಕೊಳ್ಳುತ್ತಿದ್ದಳು. ಮದ್ದಿಗೆ ಕಿಡಿ ಕೊಡುವ ಕೇಪು ಮಾತ್ರ ಮೆತ್ತನೆಯದನ್ನೇ ತಗೋ ಎಂದು ಆರಿನ್ ಆರಿಸಿಕೊಟ್ಟಿದ್ದ. ಅವಳು ಯಾಕೆ ಎಂದು ಕೇಳಲಿಲ್ಲ. ಆ ಶನಿವಾರ ಹೊಸ ರಿವಾಲ್ವರಿನಿಂದ ಎರಡನೇ ಸ್ಥಾನಕ್ಕೆ ಬಂದಳು. ಮೂರನೆಯವನಾದ ಮುದುಕ ಲಾನಿ, ಈ ಹೆಂಗಸಿಗೆ ಬಂದೂಕು ಮಾರಿದ್ದಕ್ಕೆ ಆರಿನ್‌ಗೆ ಛೀಮಾರಿ ಹಾಕಬೇಕು ಎಂದು ಗೊಣಗಿದ. ನಡೀನ್ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯಿತು.

ಸೊಂಟದಲ್ಲಿದ್ದಾಗ ತುಂಬುವುದು ಬೇರೆ ಗುಂಡು, ಕಂಪನಿಯದು, ಇಪ್ಪತ್ತು ಗುಂಡಿನ ಡಬ್ಬಿ. ದುಬಾರಿ ಮಾಲು. ಅಲ್ಲಿ ಯಾರೂ ಅದನ್ನು ಹೊಡೆದು ನೋಡುವುದಿಲ್ಲ. ತುಂಬಿಟ್ಟುಕೊಂಡು ನೆಮ್ಮದಿಯಾಗಿರುತ್ತಾರೆ. ಬಿಡುಗಡೆಗೆ ಎರಡು ದಿನ ಮುಂಚೆ, ಬುಧವಾರ ಬೆಳಗ್ಗೆ, ನೆಮ್ಮದಿ ಸಿಗದೆ ನಡೀನ್ ಮನೆಯ ಹಿಂದಿನ ದಿಬ್ಬಕ್ಕೆ ಗುರಿಯಿಟ್ಟಳು. ಟಿಕ್ ಅಂದಿತು. ಮತ್ತೆ ಎಳೆದಳು, ಟಿಕ್. ಆರರಲ್ಲಿ ಒಂದೇ ಒಂದು ಹಾರಿತು. ಮಿಕ್ಕ ಐದರ ಕೇಪಿನ ಮೇಲೆ ಉಗುರು ಒತ್ತಿದಷ್ಟು ಗುರುತು. ಗಟ್ಟಿ ಕೇಪು, ಸೋತ ಸ್ಪ್ರಿಂಗು. ಆ ಮೆದು ಪೆಟ್ಟು ಸ್ಪರ್ಧೆಯ ಮೆತ್ತನೆಯ ಕೇಪಿಗೆ ಸಾಕು, ಕಂಪನಿಯ ಗುಂಡಿಗೆ ಸಾಲದು. ಐದನ್ನೂ ಜೇಬಿಗೆ ಹಾಕಿಕೊಂಡು ಆರಿನ್ ಅಂಗಡಿಗೆ ಹೊರಟಳು.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಐದು ಗುಂಡುಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಮೂವತ್ತು ವರ್ಷ ಇದೇ ಕಸುಬು ಮಾಡಿದವನಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆರಿನ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.

"ಗೊತ್ತಿತ್ತು ನಿನಗೆ."

"ಅವನು ನನ್ನ ತಮ್ಮ, ನಡೀನ್."

"ಮತ್ತೆ ನಾನು?"

ರಿವಾಲ್ವರನ್ನೂ ಗಾಜಿನ ಮೇಲಿಟ್ಟು, ನನ್ನ ಕಣ್ಣೆದುರಿಗೇ ಮೊದಲಿದ್ದ ಹಾಗೆ ಮಾಡಿಕೊಡು ಎಂದಳು. ಅವನು ಮಾಡಿದ. ಹಳೆಯ ಸ್ಪ್ರಿಂಗ್ ಹಾಕಿ ಸ್ಕ್ರೂ ಬಿಗಿಯುವಾಗ ಅದು ಎರಡು ಸಲ ನೆಲಕ್ಕೆ ಬಿತ್ತು. ಅಂಗಡಿಯ ಹಿಂದಿನ ಅಭ್ಯಾಸದ ಜಾಗಕ್ಕೆ ಹೋಗಿ ಅವಳು ಕಂಪನಿಯ ಡಬ್ಬಿಯಿಂದಲೇ ಆರು ಗುಂಡು ಹೊಡೆದಳು. ಟ್ರಿಗರ್ ಬಿಗಿಯಾಗಿತ್ತು, ಗುರಿ ಕೆಟ್ಟಿತು, ಆದರೆ ಆರಕ್ಕೆ ಆರೂ ಹಾರಿದವು. ಅಭ್ಯಾಸಬಲದಿಂದ ಬಂದೂಕು ತೆರೆದು ಆರಿನ್‌ಗೆ ತೋರಿಸಿದಳು. ಖಾಲಿ ಎಂದು ಅವನು ಹೇಳಲಿಲ್ಲ. ಗೋಡೆಗೊರಗಿ ನಿಂತಿದ್ದ.

"ಇನ್ನೊಂದು ವಿಷ್ಯ ಇದೆ," ಎಂದ. "ಭಾನುವಾರ ಜೈಲಿಗೆ ಹೋಗಿದ್ದೆ. ಅವಳ ಹತ್ರ ಬಂದೂಕು ಇದೆಯಂತೆ, ಹಾಗಾದ್ರೆ ನನಗೂ ಒಂದು ಬೇಕು ಅಂತ ಕೂತ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅದಕ್ಕೇ..."

"ಅದಕ್ಕೇ?"

"ಅದು ಹಾರಲ್ಲ ಕಣೋ, ನಾನೇ ನೋಡ್ಕೊಂಡಿದೀನಿ, ನಿನಗೆ ಬಂದೂಕು ಬೇಡ ಅಂದ್ಬಿಟ್ಟೆ."

ನಡೀನ್ ಗೋಡೆಯ ಕಡೆ ನೋಡಿದಳು, ಆಮೇಲೆ ಕೈಯಲ್ಲಿದ್ದ ರಿವಾಲ್ವರನ್ನು. ಹೋಗಿ ಹೇಳು, ಈಗ ಸರಿಯಾಗಿದೆ ಅಂತ ಹೇಳು ಎಂದಳು.

"ಹೇಳ್ತೀನಿ. ನಾಳೆನೇ ಹೋಗಿ ಹೇಳ್ತೀನಿ. ಆದ್ರೆ ಅವನು ನಂಬಲ್ಲ. ಅವಳು ಅತ್ತಳು, ನಿನ್ನ ಕೈಲಿ ಸುಳ್ಳು ಹೇಳಿಸ್ತಿದಾಳೆ ಅಂತಾನೆ. ನಿನಗೇ ಗೊತ್ತಲ್ಲ ಅವನು."

ಗೊತ್ತಿತ್ತು. ಒಮ್ಮೆ ತನಗೆ ಬೇಕಾದ ಹಾಗೆ ಕೇಳಿಸಿಕೊಂಡ ಮಾತನ್ನು ರಾಯ್ಸ್ ಎಂದೂ ಬಿಟ್ಟುಕೊಟ್ಟವನಲ್ಲ. ಅವನು ಬರುತ್ತಾನೆ. ಬರಿಗೈಯಲ್ಲಿ ಬರುತ್ತಾನೆ, ಅವಳು ಎತ್ತಿ ಹಿಡಿದದ್ದನ್ನು ನೋಡಿ ನಗುತ್ತಾನೆ, ನಗುತ್ತಲೇ ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ಆ ಹೆಜ್ಜೆಗೆ ಅವಳು ಹೊಡೆಯಲೇಬೇಕು.