ಲೋಗೋ ಪಕ್ಕದ ಜಾಗ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿರುವ ಬಸವೇಶನಿಗೆ ಖಾಲಿ ಜಾಗ ಕಂಡರಾಗದು. ಹುಟ್ಟುಹಬ್ಬವಿರಲಿ, ಗೃಹಪ್ರವೇಶವಿರಲಿ, ಮೂಲೆಯಲ್ಲಿ ನಾಲ್ಕು ಬೆರಳು ಉಳಿದರೂ ಅಲ್ಲೊಂದು ಮುಖ ಕೂರಿಸಿಬಿಡುತ್ತಾನೆ.

ಹೆಂಡತಿ ಸೌಮ್ಯ ಬೇರೆಯೇ ಜಾತಕದವಳು. ಮಕ್ಕಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಒಂದು ಮುಕ್ತ ತಂತ್ರಾಂಶವನ್ನು ಆರು ವರ್ಷ ಕೂತು ಕನ್ನಡಕ್ಕೆ ತಂದಳು. ಸಂಬಳವಿಲ್ಲ, ಸನ್ಮಾನವಿಲ್ಲ. ಭಾನುವಾರ ಅಜ್ಜಂಪುರದ ಶಾಲೆಯೊಂದರಲ್ಲಿ ಅದರ ಬಿಡುಗಡೆ. ಬ್ಯಾನರಿಗೆ ಲೋಗೋ ಹಾಕಿಕೊಳ್ಳಲು ಆ ತಂತ್ರಾಂಶದ ತಂಡಕ್ಕೆ ಪತ್ರ ಬರೆದು ಹನ್ನೊಂದು ದಿನ ಕಾದಳು.

"ಎಲ್ರೂ ಪುಕ್ಕಟೆ ಬಳಸೋದು ತಾನೆ, ಲೋಗೋಗೆ ಯಾಕೇ ಅನುಮತಿ?" ಎಂದು ಬಸವೇಶ ನಕ್ಕ.

"ತಂತ್ರಾಂಶ ಎಲ್ರದ್ದೂ ಕಣ್ರೀ. ಲೋಗೋ ಅವ್ರ ಹೆಸರಿದ್ದಂಗೆ."

ಅನುಮತಿ ಬಂತು. ಬಣ್ಣ ಬದಲಿಸಬಾರದು, ಸುತ್ತ ಜಾಗ ಬಿಡಬೇಕು, ಪಕ್ಕದಲ್ಲಿ ಯಾರ ಫೋಟೋವೂ ಇರಬಾರದು. ಸೌಮ್ಯ ಒಪ್ಪಿಕೊಂಡು ಉತ್ತರ ಬರೆದಳು, ಗಂಡನಿಗೂ ಓದಿ ಹೇಳಿದಳು.

ಶನಿವಾರ ಬೆಳಗ್ಗೆ ಬಸವೇಶ ಬ್ಯಾನರ್ ಬಿಚ್ಚಿ ತೋರಿಸಿದ. ಲೋಗೋ ಪಕ್ಕದಲ್ಲೇ, ಅದಕ್ಕಿಂತ ದೊಡ್ಡದಾಗಿ, ರೇಷ್ಮೆ ಸೀರೆಯ ಸೌಮ್ಯ. ಇವಳ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಆಸೆ ಅವನಿಗೆ. ಆಸೆ ತೋರಿಸಲು, ಪಾಪ, ಫ್ಲೆಕ್ಸ್ ಬಿಟ್ಟರೆ ಬೇರೇನೂ ಬಾರದು.

ಸೌಮ್ಯ ಬಯ್ಯಲಿಲ್ಲ. ಕಣ್ಣು ತುಂಬಿಕೊಂಡು, "ಮಾತು ಕೊಟ್ಟಿದ್ದೆ ಕಣ್ರೀ. ಇದನ್ನ ಕಟ್ಟೋದಾದ್ರೆ ನಾನು ಬರಲ್ಲ," ಎಂದಳು.

ಬಸವೇಶನ ಮುಖ ಸಪ್ಪಗಾಯಿತು. ಅದನ್ನು ಸುತ್ತಿಟ್ಟು ಹೊಸದು ಮುದ್ರಿಸಿದ. ಲೋಗೋ, ಸುತ್ತ ಬಿಳಿ, ಕೆಳಗೆ ಊರು, ದಿನಾಂಕ. ತನ್ನ ಅಂಗಡಿಯ ಹೆಸರನ್ನೂ ಹಾಕಲಿಲ್ಲ.

ಮಾರನೇ ದಿನ ಅಜ್ಜಂಪುರದಲ್ಲಿ ತಾನೇ ಏಣಿ ಹತ್ತಿ ಕಟ್ಟಿದ.

"ಏನಪ್ಪಾ, ಬೋಳುಬೋಳಾಗಿದೆ," ಎಂದರು ಹೆಡ್‌ಮಾಸ್ಟರ್ ರುದ್ರಮೂರ್ತಿ.

"ಹಂಗೇ ಇರ್ಬೇಕು ಸಾರ್."

ಒಳಗೆ ಮಕ್ಕಳು ಪರದೆಯ ಮೇಲಿನ ಪದಗಳನ್ನು ಗಟ್ಟಿಯಾಗಿ ಓದತೊಡಗಿದರು: ಬಣ್ಣ ತುಂಬು, ಅಳಿಸು, ಮತ್ತೆ ಬಿಡಿಸು. ಒಂದೊಂದೂ ಅವಳು ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಡುಕಿದ ಪದ. ಬಾಗಿಲಲ್ಲಿ ನಿಂತ ಬಸವೇಶನಿಗೆ ಎದೆ ತುಂಬಿ ಬಂತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದ. "ಸೌಮ್ಯ, ನಿನ್ನ ಫೋಟೋ ನಮ್ಮ ಅಂಗಡೀಲಿ ಹಾಕ್ಬೇಕು ಅಂತಿದೀನಿ. ಹಾಕ್ಲಾ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಅವಳ ಅನುಮತಿ ಕೇಳಿದ್ದು ಅದೇ ಮೊದಲು.

ಸೌಮ್ಯ ಅವನನ್ನೇ ನೋಡಿದಳು. "ಹಾಕಿ. ಆದ್ರೆ ಒಂದು ಷರತ್ತು. ಸುತ್ತ ಜಾಗ ಬಿಡ್ಬಾರ್ದು. ಪಕ್ಕದಲ್ಲೇ ನೀವಿರ್ಬೇಕು."